ಒಡವೆ ಕಾಯುವ ಪ್ರತಿಮಾ

ಸಾಗರದ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಹುಡುಗಿಯರ ತಂಡದಲ್ಲಿ ಪ್ರತಿಮಾಳ ಜಾಗ ಬೆಂಚಿನ ತುದಿ. ಆಟಕ್ಕಿಳಿಯುವವರೆಲ್ಲ ಓಲೆ, ಬಳೆ, ಮೂಗುಬೊಟ್ಟು ಬಿಚ್ಚಿ ಅವಳ ಮಡಿಲಿಗೆ ಸುರಿಯುತ್ತಾರೆ. "ಲಾಕರ್ ಮೇಡಂ, ನನ್ನ ಓಲೆ ತಿರುಪು ಜೋಪಾನ ಮಾರಾಯ್ತಿ!" ಎಂದು ನಾಯಕಿ ಶ್ರೀಗೌರಿ ಛೇಡಿಸುತ್ತಾಳೆ. "ಕಳೆದ್ರೆ ನನ್ನ ಕಿವೀನೇ ಕೊಯ್ದು ಕೊಡ್ತೀನಿ, ಹೋಗೇ," ಎನ್ನುತ್ತಾಳೆ ಇವಳು. ಒಡವೆ ಕಟ್ಟಿದ ಕರವಸ್ತ್ರದ ಗಂಟು ಹಿಡಿದು, ಸೀಟಿ ಕೇಳಿದಾಗಲೆಲ್ಲ ಅರ್ಧ ಏಳುತ್ತಾಳೆ. ಕೋಚ್ ಸರ್ ಬೇರೆಯವರನ್ನು ಕರೆದಾಗ ಮತ್ತೆ ಕೂರುತ್ತಾಳೆ. ಅವಳು ಒಂದು ಸಲವೂ ಅಂಕಣಕ್ಕಿಳಿಯದೆಯೇ ತೀರ್ಥಹಳ್ಳಿಯಲ್ಲಿ ನಡೆದ ಟೂರ್ನಿಯ ಫೈನಲ್ ಬಂತು. ಕೊನೆಯ ನಿಮಿಷ, ತಂಡ ಒಂದು ಅಂಕ ಹಿಂದೆ; ಶ್ರೀಗೌರಿಯ ಕಾಲು ಉಳುಕಿತು. ಬೆಂಚಿನಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. "ಪ್ರತಿಮಾ, ಓಲೆ ಬಿಚ್ಚು, ಬೇಗ!" ಎಂದು ಸರ್ ಕೂಗಿದರು. ಗಂಟನ್ನು ಶ್ರೀಗೌರಿಯ ಕೈಗಿಟ್ಟು ಎದ್ದವಳ ಕಿವಿ ಬರಿದಾಗಿತ್ತು. "ಮನೇಲೇ ಬಿಚ್ಚಿಟ್ಟು ಬಂದಿದೀನಿ ಸರ್," ಎಂದಳು, "ಎಲ್ಲಾ ಮ್ಯಾಚಿಗೂ ಹಾಗೇ ಬರೋದು."