ಅತ್ತೆ-ಸೊಸೆ ಡಿಸ್ಕುಗಳು ಮತ್ತು ಆಡಿನ ಕೊನೆಯ ಅಧ್ಯಾಯ

ಇದನ್ನು ನಿಮಗೆ ಗಟ್ಟಿಯಾಗಿ ಓದಿ ಹೇಳುವವರು ಮೊದಲು ನನ್ನನ್ನು ಮನ್ನಿಸಬೇಕು. ನನ್ನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಶಾಲೆಯನ್ನು ನಡುವೆಯೇ ಬಿಟ್ಟವಳು, ಹಾಗಾಗಿ ಪದಗಳೂ ಕೈಗೆ ಸಿಕ್ಕಷ್ಟೇ. ಆಡಿನ ಕತೆಯ ಕೊನೆಯ ಅಧ್ಯಾಯ ಯಾಕೆ ತಡವಾಯಿತು ಎಂದು ಕೇಳುಗರಿಗೆ ಯಾರಾದರೂ ತಿಳಿಸಬೇಕು ಎಂದು ಅಜ್ಜಿ ಹಟ ಹಿಡಿದದ್ದರಿಂದ ಬರೆಯುತ್ತಿದ್ದೇನೆ. ತಪ್ಪು ಕಂಡರೆ ಅದು ನನ್ನದು, ಚಿಕ್ಕಮ್ಮನದಲ್ಲ.

ಚಿಕ್ಕಮ್ಮನ ಕೆಲಸವೇನೆಂದು ಬೀದಿಯಲ್ಲಿ ಕೇಳಿದರೆ "ಪೆಟ್ಟಿಗೆ ಕಾಯ್ತಾಳೆ" ಎನ್ನುತ್ತಾರೆ. ಪೂರ್ತಿ ಸುಳ್ಳೇನಲ್ಲ. ಚಪ್ಪಲಿ ಅಂಗಡಿಯ ಮೇಲೆ ಎರಡು ಕೋಣೆಗಳಿವೆ. ಒಳಗಿನದಕ್ಕೆ ಗೋಡೆ ತುಂಬ ಹಳೆಯ ಕಂಬಳಿ ಹೊಡೆದಿದೆ. ಬೀದಿಯ ಸದ್ದು ನುಸುಳದ ಆ ಕೋಣೆಯಲ್ಲಿ ಕೂತು, ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುತ್ತಾರೆ. ಹೊರಗಿನ ಕೋಣೆಯಲ್ಲಿ ಚಿಕ್ಕಮ್ಮ, ಅವಳ ಕಂಪ್ಯೂಟರು, ಮತ್ತೆ ಒಂದು ಕಬ್ಬಿಣದ ಚೌಕಟ್ಟಿನಲ್ಲಿ ಸಾಲಾಗಿ ನಿಂತ ನಾಲ್ಕು ಡಿಸ್ಕುಗಳು. ಒಳಗೆ ಓದಿದ್ದೆಲ್ಲ ಹೊರಗೆ ಈ ಡಿಸ್ಕುಗಳಲ್ಲಿ ಬಂದು ಸೇರುತ್ತದೆ. ಅವು ಕೆಡದಂತೆ ನೋಡಿಕೊಳ್ಳುವುದೇ ಅವಳ ಕೆಲಸ.

ಮೊದಲು ಅವಳು ಫೋಟೊ ಅಂಗಡಿಯೊಂದರಲ್ಲಿದ್ದಳು. ಒಂದೇ ಡಿಸ್ಕನ್ನು ನಂಬಿಕೊಂಡಿದ್ದ ಅಲ್ಲಿಯ ಮಾಲೀಕ, ಅದು ಕೈಕೊಟ್ಟ ದಿನ ತಲೆ ಮೇಲೆ ಕೈಹೊತ್ತು ಕೂತುಬಿಟ್ಟ. ಅದನ್ನು ನೋಡಿದ ಮೇಲೆ ಚಿಕ್ಕಮ್ಮನಿಗೆ ಎಲ್ಲವೂ ಎರಡೆರಡು ಬೇಕು. ಮನೆಯಲ್ಲಿ ಬೀಗದ ಕೈ ಎರಡು, ಕೊಡೆ ಎರಡು, ಕತ್ತರಿ ಎರಡು.

"ನನಗೊಂದು ಜೋಡಿ ತಂದಿಟ್ಟಿಲ್ಲ, ಅದೇ ನನ್ನ ಪುಣ್ಯ" ಎಂದು ಚಿಕ್ಕಪ್ಪ ನಗುತ್ತಾನೆ. ಅವನು ಬಡಗಿ.

"ಒಂದನ್ನ ಸಂಭಾಳಿಸೋದೇ ಸಾಕಾಗಿದೆ, ಸುಮ್ನಿರಿ" ಎನ್ನುತ್ತಾಳೆ ಅವಳು.

ಡಿಸ್ಕುಗಳೂ ಹಾಗೆಯೇ ಜೋಡಿ ಜೋಡಿ. ಅವಕ್ಕೆ ಹೆಸರಿಟ್ಟವಳು ಅಜ್ಜಿ, ಅಂದರೆ ಚಿಕ್ಕಪ್ಪನ ತಾಯಿ. ಕೇಳುಗರೇ, ನಿಮಗೆ ಆಕೆಯ ದನಿ ಗೊತ್ತು. ಆಡಿನ ಕತೆಯನ್ನು ಓದುತ್ತಿದ್ದವಳು ಅವಳೇ. ಮೊದಲ ಜೋಡಿ ಅತ್ತೆ ಮತ್ತು ಸೊಸೆ. ಎರಡನೆಯದು ನಾದಿನಿ ಮತ್ತು ಅತ್ತಿಗೆ. ಜೋಡಿಯಲ್ಲಿ ಒಬ್ಬಳಿಗೆ ಹೇಳಿದ್ದನ್ನು ಇನ್ನೊಬ್ಬಳಿಗೂ ಹೇಳಿರುತ್ತದೆ. ಒಬ್ಬಳು ಹಾಸಿಗೆ ಹಿಡಿದರೆ ಇನ್ನೊಬ್ಬಳು ಮನೆ ನಡೆಸುತ್ತಾಳೆ. ಬರೆದಿಟ್ಟ ಒಂದೊಂದು ತುಂಡಿಗೂ, ಅದರೊಳಗಿರುವುದನ್ನೇ ಲೆಕ್ಕಹಾಕಿ ತೆಗೆದ ಒಂದು ಗುರುತಿನ ಸಂಖ್ಯೆ ಉಂಟು. ವಾರಕ್ಕೊಮ್ಮೆ ಕಂಪ್ಯೂಟರು ಎಲ್ಲವನ್ನೂ ಓದಿ, ಗುರುತು ತಾಳೆಯಾಗುತ್ತದೆಯೇ ಎಂದು ನೋಡುತ್ತದೆ. ಸೊಸೆಯ ಬಳಿ ಇರುವ ತುಂಡು ಕೆಟ್ಟಿದ್ದರೆ ಅತ್ತೆಯ ಬಳಿ ಇರುವುದನ್ನು ತಂದು ಸರಿಮಾಡುತ್ತದೆ. ಇಬ್ಬರದೂ ಕೆಟ್ಟರೆ ಮಾತ್ರ ದೇವರೇ ಗತಿ.

ಈ ಸಲ ಅಜ್ಜಿಗೆ ಗಂಟಲಿನ ಆಪರೇಷನ್ ಆಗಬೇಕಿತ್ತು. ಆಮೇಲೆ ಪಿಸುದನಿಯಷ್ಟೇ ಉಳಿಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಜ್ಜಿ ಅಳಲಿಲ್ಲ. "ಹಾಗಾದ್ರೆ ಕತೆ ಮುಗಿಸಿಯೇ ಬರ್ತೀನಿ, ಕತ್ತರಿ ಹರಿತ ಮಾಡಿಟ್ಕೊಂಡಿರಿ" ಎಂದು ಅವರಿಗೇ ಹೇಳಿ ಬಂದಳು. ದೀಪಸ್ತಂಭ ಕಾಯುವವನೊಬ್ಬನ ಆಡು ಬಿರುಗಾಳಿಯಲ್ಲಿ ಕಳೆದುಹೋಗುವ ಕತೆ ಅದು. ಆಡು ಸಿಕ್ಕಿತೋ ಇಲ್ಲವೋ ಎಂಬುದು ಕೊನೆಯ ಅಧ್ಯಾಯದಲ್ಲಿದೆ. ಅದನ್ನು ಒಂದೇ ಸಲಕ್ಕೆ ಕೂತು ಓದಿ ಮುಗಿಸಿ, ಮರುದಿನ ಆಸ್ಪತ್ರೆಗೆ ಹೋದಳು.

ಓದಿದ್ದರ ಇನ್ನೊಂದು ಪ್ರತಿ ಜೋಪಾನಕ್ಕೆಂದು ಅಂಧರ ಶಾಲೆಯ ಕಟ್ಟಡಕ್ಕೂ ಹೋಗುತ್ತದೆ. ಆದರೆ ಪುಸ್ತಕ ಪೂರ್ತಿಯಾಗಿ, ತಡವರಿಸಿದ್ದನ್ನೆಲ್ಲ ಕತ್ತರಿಸಿ ಸರಿಮಾಡಿದ ಮೇಲೆ ಒಟ್ಟಿಗೆ ಕಳಿಸುವುದು ನಮ್ಮಲ್ಲಿ ಮೊದಲಿನಿಂದ ನಡೆದುಬಂದದ್ದು. ಹಾಗಾಗಿ ಕೊನೆಯ ಅಧ್ಯಾಯ ಇದ್ದದ್ದು ಅತ್ತೆ-ಸೊಸೆಯರ ಹತ್ತಿರ ಮಾತ್ರ.

ಅಜ್ಜಿ ಮನೆಗೆ ಮರಳಿದ ವಾರವೇ ಸೊಸೆ ತಪ್ಪು ಹೇಳತೊಡಗಿತು. ಪರದೆಯ ಮೇಲೆ ಅದರ ಹೆಸರಿನ ಮುಂದೆ ತಪ್ಪುಗಳ ಲೆಕ್ಕದ ಕೆಂಪು ಅಂಕಿ. ಚಿಕ್ಕಮ್ಮ ಅದನ್ನು ಅಳಿಸಿ ಮತ್ತೆ ತಪಾಸಣೆಗೆ ಹಚ್ಚಿದಳು. ಮತ್ತೆ ಕೆಂಪು.

"ಮನೇಲಿ ಏನಾದ್ರೂ ಸೊಸೆ ಮೇಲೇ ಬರೋದು" ಎಂದು ಗೊಣಗಿಕೊಂಡು, ಅವಳು ಆ ಡಿಸ್ಕನ್ನು ತೆಗೆದು ಹೊಸತನ್ನು ಕೂರಿಸಿದಳು. ಅತ್ತೆಗೆ ಗೊತ್ತಿದ್ದದ್ದೆಲ್ಲ ಹೊಸ ಸೊಸೆಗೆ ನಕಲಾಗುವವರೆಗೂ, ಕಾವಲು ಕೂತವಳಂತೆ ಕುರ್ಚಿಯನ್ನು ಮುಂದೆಯೇ ಎಳೆದುಕೊಂಡು ಕೂತಳು. ಒಂದು ತಪ್ಪೂ ಬರಲಿಲ್ಲ. ಮನಸ್ಸು ಹಗುರವಾಗಿ, ರಾತ್ರಿಯಿಡೀ ತಪಾಸಣೆ ನಡೆಯಲೆಂದು ಹಚ್ಚಿ, ಬಾಗಿಲು ಹಾಕಿ ಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ಬಂದು ನೋಡಿದರೆ, ಹೊಸ ಸೊಸೆಗೂ ಕೆಂಪು, ಅತ್ತೆಗೂ ಕೆಂಪು. ಕೆಳಗೆ ಕಂಪ್ಯೂಟರು ಒಂದೇ ಒಂದು ಸಾಲು ಬರೆದಿತ್ತು: ಈ ಫೈಲನ್ನು ಸರಿಪಡಿಸಲಾಗಲಿಲ್ಲ. ಆ ಫೈಲು ಕೊನೆಯ ಅಧ್ಯಾಯ.

ಅದನ್ನು ಆ ದನಿಯಲ್ಲಿ ಇನ್ನೊಮ್ಮೆ ಓದಿಸಲು ಸಾಧ್ಯವಿರಲಿಲ್ಲ. ಅಜ್ಜಿ ಆಸ್ಪತ್ರೆಯಿಂದ ಬಂದಿದ್ದಳು, ಪಿಸುದನಿ ಬಿಟ್ಟು ಬೇರೆ ದನಿ ಅವಳಲ್ಲಿ ಉಳಿದಿರಲಿಲ್ಲ.

ಮಧ್ಯಾಹ್ನ ಚಿಕ್ಕಪ್ಪ ಊಟದ ಡಬ್ಬಿ ತಂದ. ಜೊತೆಗೆ ಅಜ್ಜಿಯೂ ಬಂದಳು, ಕೊರಳಿಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡು. ಮನೆಯಲ್ಲಿ ಕೂತು ಬೇಜಾರಾಗಿತ್ತಂತೆ. ಚಿಕ್ಕಮ್ಮನ ಕೈಯಲ್ಲಿ ಇನ್ನೊಂದು ಹೊಸ ಡಿಸ್ಕಿತ್ತು. ಮುಖ ಬಾಡಿತ್ತು.

"ಏನು, ಅತ್ತೇನೂ ಹೊರಗೆ ಹಾಕ್ತಿದ್ದೀಯಾ?" ಅಜ್ಜಿ ಪಿಸುಗುಟ್ಟಿದಳು.

"ಅತ್ತೆ, ತಮಾಷೆ ಬೇಡ. ನಿಮ್ಮ ಕೊನೇ ಅಧ್ಯಾಯ ಕಾಣ್ತಿಲ್ಲ." ಚಿಕ್ಕಮ್ಮ ಪರದೆಯತ್ತ ಬೆರಳು ತೋರಿಸಿದಳು.

ಅಜ್ಜಿ ಸೊಸೆಯ ಭುಜ ತಟ್ಟಿದಳು. "ಮೊದಲು ಊಟ ಮಾಡು. ಹಸಿದ ಹೊಟ್ಟೇಲಿ ಯಾರನ್ನೂ ಮನೆಯಿಂದ ಹೊರಗೆ ಹಾಕಬಾರದು."

ಆ ಮಾತಿಗೆ ಚಿಕ್ಕಮ್ಮ ಹೊಸ ಡಿಸ್ಕನ್ನು ಮೇಜಿನ ಮೇಲಿಟ್ಟಳು. ಅದೇ ಒಳ್ಳೆಯದಾಯಿತು. ಇಬ್ಬರೂ ತಪ್ಪು ಹೇಳುತ್ತಿರುವಾಗ ಅತ್ತೆಯನ್ನು ಎಳೆದುಬಿಟ್ಟಿದ್ದರೆ ಎಲ್ಲವೂ ಒಬ್ಬಳ ತಲೆಯ ಮೇಲೆ ಬೀಳುತ್ತಿತ್ತು.

ಇಲ್ಲಿ ಬೀರುವಿನ ವಿಷಯ ಹೇಳಬೇಕು. ಚೌಕಟ್ಟಿಗೆ ಧೂಳು ಬೀಳುತ್ತದೆಂದು ಚಿಕ್ಕಪ್ಪ ಇತ್ತೀಚೆಗಷ್ಟೇ ಅದಕ್ಕೊಂದು ಮರದ ಬೀರು ಮಾಡಿಕೊಟ್ಟಿದ್ದ. ಹಿಂದೆ ಗಾಳಿಗೆ ಕಿಂಡಿ, ಮುಂದೆ ನುಣ್ಣಗೆ ಉಜ್ಜಿದ ಬಾಗಿಲು. ಬಾಗಿಲು ಬಿಗಿಯಾಗಿ ಕೂರಲೆಂದು ಒಳಮೈಗೆ ಒಂದು ಪಟ್ಟಿಯನ್ನೂ ಹೊಡೆದಿದ್ದ. ಅದರ ಮೇಲೆ ಅವನಿಗೆ ಎಷ್ಟು ಮೋಹವೆಂದರೆ, ಬಂದಾಗಲೆಲ್ಲ ಒಮ್ಮೆ ಸವರಿ ಹೋಗುತ್ತಿದ್ದ.

ಚಿಕ್ಕಮ್ಮ ತುತ್ತು ಬಾಯಿಗಿಡುತ್ತಿದ್ದಾಗ ಅವನು ತೆರೆದ ಬಾಗಿಲನ್ನು ನೋಡಿ, "ಒಳಗೆ ಧೂಳು ಹೋಗುತ್ತೆ ಕಣೇ. ಇದನ್ನ ಮಾಡಿಕೊಟ್ಟಿದ್ದು ನೋಡೋಕಾ?" ಎಂದು ಸೊಂಟದಿಂದ ಒತ್ತಿ ಮುಚ್ಚಿದ.

ಒಳಗಿನಿಂದ ಟಕ್, ಟಕ್ ಎಂದಿತು.

ಚಿಕ್ಕಮ್ಮನ ತುತ್ತು ಕೈಯಲ್ಲೇ ನಿಂತಿತು. "ಏನ್ರೀ, ಅದನ್ನ ತೆಗೀರಿ."

ತೆಗೆದ. ಸದ್ದು ನಿಂತಿತು.

"ಹಾಕಿ."

ಹಾಕಿದ. ಟಕ್, ಟಕ್. ಪರದೆಯ ಮೇಲೆ ಕೆಂಪು ಅಂಕಿ ಒಂದು ಹೆಜ್ಜೆ ಮುಂದೆ ಹೋಯಿತು.

"ತೆಗೀರಿ! ತೆಗೀರಿ!"

"ಇದೇನು ನಾಟಕದ ಪರದೇನಾ, ತೆಗಿ ಹಾಕು ಅಂತ?" ಎನ್ನುತ್ತಲೇ ಅವನು ತೆಗೆದ. ಚಿಕ್ಕಮ್ಮ ಕೈ ತೊಳೆಯುವುದನ್ನೂ ಮರೆತು, ಬೀರುವಿನೊಳಕ್ಕೆ ತಲೆ ತೂರಿಸಿದಳು. ಕರೆಂಟಿನ ಒಂದೇ ತಂತಿ ಕವಲಾಗಿ ಅತ್ತೆಗೂ ಸೊಸೆಗೂ ಹೋಗಿತ್ತು. ಕವಲೊಡೆಯುವ ಜಾಗ ಸರಿಯಾಗಿ ಆ ಪಟ್ಟಿಯ ಎದುರಿಗೆ. ಬಾಗಿಲು ಮುಚ್ಚಿದಾಗಲೆಲ್ಲ ಪಟ್ಟಿ ಅದನ್ನು ಒತ್ತುತ್ತಿತ್ತು, ಕರೆಂಟು ಕಣ್ಣು ಮಿಟುಕಿಸುತ್ತಿತ್ತು, ಓದುತ್ತಿದ್ದ ಡಿಸ್ಕುಗಳು ನಡುವೆಯೇ ತಡವರಿಸುತ್ತಿದ್ದವು. ಅವಳು ನೋಡಲು ಬಂದಾಗಲೆಲ್ಲ ಬಾಗಿಲು ತೆರೆಯುತ್ತಿದ್ದಳು. ತೆರೆದರೆ ಎಲ್ಲ ಸರಿ. ರೋಗಿ ಡಾಕ್ಟರ ಮುಂದೆ ಮಾತ್ರ ಗಟ್ಟಿಮುಟ್ಟಾಗಿ ನಿಂತ ಹಾಗೆ.

ಚಿಕ್ಕಮ್ಮ ತಲೆ ಹೊರಗೆ ತೆಗೆದು ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. "ಅತ್ತೇದೂ ತಪ್ಪಿಲ್ಲ, ಸೊಸೇದೂ ತಪ್ಪಿಲ್ಲ. ಇಬ್ಬರ ನಡುವೆ ಬಂದು ಒತ್ತಿದ್ದು ಮಗರಾಯ!"

ಚಿಕ್ಕಪ್ಪನ ಮುಖ ಸಣ್ಣಗಾಯಿತು. ಅಜ್ಜಿ ಅವನ ಕಿವಿ ಹಿಡಿದು, "ಎಲ್ಲಾ ಮನೇಲೂ ಅಷ್ಟೇ ಕಣೋ" ಎಂದು ಪಿಸುಗುಟ್ಟಿದಳು. ಅವನೂ ನಕ್ಕುಬಿಟ್ಟ. ಉಳಿ ತಂದು, ತಾನೇ ಆಸೆಪಟ್ಟು ಹೊಡೆದಿದ್ದ ಪಟ್ಟಿಯನ್ನು ತಾನೇ ಕಿತ್ತ.

"ಬೇಜಾರಾಯ್ತಾ?" ಚಿಕ್ಕಮ್ಮ ಮೆಲ್ಲಗೆ ಕೇಳಿದಳು.

"ಮರ ತಾನೇ? ಇನ್ನೊಂದು ಕಡೆ ಹೊಡೆದರಾಯ್ತು. ನೀನು ಅಮ್ಮನ ಅಧ್ಯಾಯ ಹುಡುಕು."

ಅವಳು ಎಲ್ಲವನ್ನೂ ಆರಿಸಿ, ಹೊಸ ತಂತಿಗಳನ್ನು ಹಾಕಿದಳು. ಈ ಸಲ ಜೋಡಿಯ ಇಬ್ಬರಿಗೂ ಒಂದೇ ತಂತಿ ಕೊಡಲಿಲ್ಲ. ಅತ್ತೆಯನ್ನು ಅತ್ತಿಗೆಯ ಜೊತೆ, ಸೊಸೆಯನ್ನು ನಾದಿನಿಯ ಜೊತೆ ಸೇರಿಸಿದಳು. ಒಂದು ತಂತಿ ಹೋದರೂ ಪ್ರತಿ ಜೋಡಿಯಲ್ಲಿ ಒಬ್ಬಳು ಎದ್ದಿರುತ್ತಾಳೆ. "ಎರಡೆರಡು ಇಟ್ಟೆ ಅಂತ ಮೆರೀತಿದ್ದೆ. ಎರಡೂ ಒಂದೇ ತಂತೀಲಿ ನೇತಾಡ್ತಿದ್ರೆ ಒಂದೇ ಲೆಕ್ಕ ಅಲ್ವಾ!" ಎಂದು ತನ್ನ ತಲೆಯ ಮೇಲೆ ತಾನೇ ಮೊಟಕಿಕೊಂಡಳು.

ಆಮೇಲೆ ತಪಾಸಣೆ ಶುರು. ಡಿಸ್ಕಿನ ಮೇಲೆ ಬರೆದದ್ದೇ ಕೆಟ್ಟಿದೆಯೋ, ಓದುವಾಗ ಮಾತ್ರ ತಡವರಿಸಿತೋ, ಅದು ಮುಗಿಯುವವರೆಗೂ ಹೇಳುವಂತಿರಲಿಲ್ಲ. ಪರದೆಯ ಮೇಲಿನ ಗೆರೆ ಇರುವೆಯ ಹಾಗೆ ಸರಿಯುತ್ತಿತ್ತು. ಚಿಕ್ಕಪ್ಪ ತಿರುಗಿ ಕೆಲಸಕ್ಕೆ ಹೋಗಲಿಲ್ಲ. ಅಜ್ಜಿ ಕಂಬಳಿ ಕೋಣೆಯಿಂದ ತನ್ನ ದಿಂಬು ತಂದುಕೊಂಡು ಕೂತಳು. ಚಿಕ್ಕಮ್ಮ ಉಗುರು ಕಚ್ಚುತ್ತಿದ್ದಳು. ಕೆಳಗಿನ ಅಂಗಡಿಯಲ್ಲಿ ಯಾರೋ ಚಪ್ಪಲಿ ಕಚ್ಚುತ್ತದೆಂದು ಜಗಳ ಕಾಯುತ್ತಿದ್ದರು.

ಸಂಜೆಯ ಬಿಸಿಲು ಕಿಟಕಿಗೆ ಬಂದಾಗ ಗೆರೆ ತುದಿ ಮುಟ್ಟಿತು. ಕೆಂಪು ಅಂಕಿ ಇಲ್ಲ. ಸರಿಪಡಿಸಲಾಗದ ಫೈಲುಗಳು: ಯಾವುದೂ ಇಲ್ಲ.

ಚಿಕ್ಕಮ್ಮನಿಗೆ ನಂಬಿಕೆಯಾಗಲಿಲ್ಲ. ಅಧ್ಯಾಯವನ್ನು ಒತ್ತಿದಳು. ಸ್ಪೀಕರಿನಿಂದ ಅಜ್ಜಿಯ ದನಿ ಹೊರಟಿತು. ತುಂಬಿದ ಕೊಡದಂತಹ ಅದೇ ಹಳೆಯ ದನಿ. ದೀಪಸ್ತಂಭದವನು ಬಂಡೆಯಿಂದ ಬಂಡೆಗೆ ಹುಡುಕುತ್ತ ಹೋದ, ಕೂಗಿದ, ಸೋತು ಕೂತ. ಆಗ ಕತ್ತಲೊಳಗಿಂದ "ಮ್ಯಾಆಆ!" ಎಂದಿತು ಆಡು. ಅಜ್ಜಿ ಆಡಿನಂತೆ ಎಷ್ಟು ಗಟ್ಟಿಯಾಗಿ ಕೂಗಿದ್ದಳೆಂದರೆ, ಕೆಳಗಿನ ಅಂಗಡಿಯ ಜಗಳ ತಟ್ಟನೆ ನಿಂತುಹೋಯಿತು.

"ಮೇಲೆ ಆಡು ತಂದು ಕಟ್ಟಿದ್ದೀರಾ?" ಚಪ್ಪಲಿ ಅಂಗಡಿಯವನು ಮೆಟ್ಟಿಲ ಬುಡದಿಂದ ಕೂಗಿದ.

"ನಮ್ಮಮ್ಮ ಕಣಯ್ಯಾ!" ಎಂದು ಚಿಕ್ಕಪ್ಪ ಕೂಗಿ ಹೇಳಿದ. ಅಜ್ಜಿ ಸದ್ದಿಲ್ಲದೆ ಮೈಯೆಲ್ಲ ಕುಲುಕಿಸಿ ನಕ್ಕಳು. ಚಿಕ್ಕಮ್ಮ ಹೋಗಿ ಅವಳನ್ನು ತಬ್ಬಿಕೊಂಡಳು. ಅಧ್ಯಾಯ ಮುಗಿಯುವವರೆಗೂ ಬಿಡಲಿಲ್ಲ.

ಆಡು ಸಿಕ್ಕಿದೆ, ಕೇಳುಗರೇ. ಉಳಿದದ್ದನ್ನು ಅಜ್ಜಿಯ ದನಿಯಲ್ಲೇ ಕೇಳಿ. ಇನ್ನು ಮೇಲೆ ಪುಸ್ತಕ ಮುಗಿಯಲೆಂದು ಕಾಯುವುದಿಲ್ಲ, ಓದಿದ ದಿನವೇ ಆ ಅಧ್ಯಾಯದ ಪ್ರತಿ ಶಾಲೆಗೆ ಹೋಗಬೇಕೆಂದು ಚಿಕ್ಕಮ್ಮ ಕಟ್ಟುನಿಟ್ಟು ಮಾಡಿದ್ದಾಳೆ. ಮೊದಲಿಗೆ ಆಡಿನ ಈ ಕೊನೆಯ ಅಧ್ಯಾಯವನ್ನೇ ನಾಳೆ ಬೆಳಿಗ್ಗೆ ನಾನು ಒಯ್ದು ಕೊಡುತ್ತೇನೆ.