ಕ್ಲಚ್ಚಿಲ್ಲದ ಕಾರಿನ ಚೆನ್ನಕ್ಕ

ಕೆದಂಬಾಡಿಯ ಚೆನ್ನಕ್ಕನಿಗೆ ಮಿತ್ರರಿಲ್ಲ. ಇದು ಅವರ ಮೇಲಿನ ಆರೋಪವಲ್ಲ, ಅವರೇ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು. ಮೇಲಿನ ಮನೆಯ ತಮ್ಮ ಪ್ರೇಮನಾಥನ ಜೊತೆ, ಆಸ್ತಿ ಪಾಲಾದಂದಿನಿಂದ ಮಾತಿಲ್ಲ. ಬೈಗುಳ ಇದೆ, ಆದರೆ ಅದನ್ನು ಇಬ್ಬರೂ ಮಾತೆಂದು ಪರಿಗಣಿಸುವುದಿಲ್ಲ. ಬಸ್ಸಿನವರ ಜೊತೆ ನಿಲ್ಲಿಸುವ ಜಾಗದ ವಿಷಯದಲ್ಲಿ, ಎದುರು ಗುಡ್ಡದ ನವಿಲುಗಳ ಜೊತೆ ಬೆಂಡೆಕಾಯಿಯ ವಿಷಯದಲ್ಲಿ ಯುದ್ಧ ಜಾರಿಯಲ್ಲಿದೆ. ಅರುವತ್ತು ದಾಟಿದ ಈ ವೀರಮಹಿಳೆ ಇಷ್ಟೊಂದು ರಣರಂಗಗಳನ್ನು ಒಬ್ಬರೇ ನಿಭಾಯಿಸುತ್ತಿದ್ದದ್ದು ಒಂದು ಕಾರಿನ ಬಲದಿಂದ.

ತೋಟದ ಹಳ್ಳಕ್ಕೆ ಅಡ್ಡ ಹಾಕಿದ ಸಂಕದಿಂದ ಜಾರಿಬಿದ್ದು ಎಡಮೊಣಕಾಲು ಮಡಚದಂತಾದ ಮೇಲೆ, ಕ್ಲಚ್ಚು ತುಳಿಯುವ ಕಾರುಗಳೆಲ್ಲ ಚೆನ್ನಕ್ಕನ ಪಾಲಿಗೆ ಮುಗಿದುಹೋದವು. ಆಗ ಸುಳ್ಯದ ಡಾಕ್ಟರೊಬ್ಬರು ಸಾಕಷ್ಟು ಓಡಿಸಿ ಬಿಟ್ಟಿದ್ದ ಹಳೆಯ ಬಿಳಿ ಆಟೊಮ್ಯಾಟಿಕ್ ಕಾರನ್ನು ಕೊಂಡರು. ಅದರಲ್ಲಿ ಗೇರು ತಾನಾಗಿ ಬದಲಾಗುತ್ತದೆ, ಎಡಗಾಲಿಗೆ ಪೂರ್ತಿ ರಜೆ. ಆ ಕಾರು ಇಲ್ಲದಿದ್ದರೆ ಪುತ್ತೂರಿಗೆ ಹೋಗಲು ಪ್ರೇಮನಾಥನ ಜೀಪೇ ಗತಿ. ಅದರ ಹಿಂದಿನ ಸೀಟಿನಲ್ಲಿ ಕೂತು ತಮ್ಮನ ಬುದ್ಧಿವಾದ ಕೇಳುವುದಕ್ಕಿಂತ ತೆವಳಿಕೊಂಡೇ ಪುತ್ತೂರು ಸೇರುತ್ತೇನೆಂದು ಅವರು ಬಹಿರಂಗವಾಗಿ ಘೋಷಿಸಿದ್ದರು.

ಅಂಥ ಕಾರು ಕಾಯಿಲೆ ಬಿತ್ತು. ಬೆಳಿಗ್ಗೆ ಗೇರನ್ನು ಮುಂದೆ ಹೋಗುವ ‘ಡಿ’ಗೆ ಎಳೆದರೆ ಹೊರಡಬೇಕೋ ಬೇಡವೋ ಎಂದು ಯೋಚಿಸುತ್ತ ನಿಲ್ಲುತ್ತಿತ್ತು, ಆಮೇಲೆ ಯಾರೋ ಹಿಂದಿನಿಂದ ಒದ್ದಂತೆ ಧಡಕ್ಕನೆ ಮುಂದೆ ಹಾರುತ್ತಿತ್ತು. ಏರುದಾರಿಯಲ್ಲಿ ಎಂಜಿನು ಊರೆಲ್ಲ ಕೇಳುವಂತೆ ಅಬ್ಬರಿಸಿದರೂ ಚಕ್ರಗಳಿಗೆ ಆ ಸುದ್ದಿ ತಲುಪುತ್ತಿರಲಿಲ್ಲ.

ಕುಂಬ್ರದಲ್ಲಿ ಗ್ಯಾರೇಜು ಇಟ್ಟಿರುವ ದೇವದಾಸ, ಜೀಪು ಪಿಕಪ್ಪುಗಳ ಹೊಟ್ಟೆ ಸೀಳಿ ಜೋಡಿಸುವ ಧೀರ. ಆಟೊಮ್ಯಾಟಿಕ್ ಕಾರುಗಳೆಂದರೆ ಮಾತ್ರ ಅವನಿಗೆ ಹಗೆ. ಅವನು ಎಂಜಿನು ಬಂದ್ ಮಾಡಿ, ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ಜೋಯಿಸರಂತೆ ಕಣ್ಣು ಕಿರಿದು ಮಾಡಿ ನೋಡಿದ.

“ಎಣ್ಣೆ ಸಮ ಉಂಟು. ಹಾಗಾದ್ರೆ ಒಳಗೇ ಹೋಗಿದೆ ಚೆನ್ನಕ್ಕ. ಬಾಕ್ಸು ಸತ್ತಿದೆ.”

“ನೀನು ಎಂತ, ಒಳಗೆ ಹೋಗಿ ಮೂಗಿಗೆ ಬೆರಳಿಟ್ಟು ನೋಡಿದೆಯಾ?”

“ಇದನ್ನು ಬಿಚ್ಚುದು ಅಂದ್ರೆ ದೊಡ್ಡದೊಡ್ಡವರೇ ಕೈ ಮುಗೀತಾರೆ. ಗುಜರಿಗೆ ಕೊಟ್ಟುಬಿಡಿ.”

“ಮೊದಲು ನಿನ್ನನ್ನು ಕೊಡ್ತೇನೆ. ತೂಕವಾದ್ರೂ ಉಂಟು.”

ಮರಣವಾರ್ತೆ ಚೆನ್ನಕ್ಕ ಮನೆ ಸೇರುವ ಮೊದಲೇ ಮೇಲಿನ ಮನೆಗೆ ಮುಟ್ಟಿತ್ತು. ಪ್ರೇಮನಾಥ ಬೇಲಿಯ ಹತ್ತಿರ ಬಂದು, ಇಷ್ಟು ವರ್ಷ ಒರೆಯಲ್ಲಿಟ್ಟುಕೊಂಡಿದ್ದ ಅತ್ಯಂತ ಕ್ರೂರ ಆಯುಧವನ್ನು ಹೊರತೆಗೆದ: ದಯೆ.

“ಅಕ್ಕಾ, ಗುಜರಿಯವನಿಗೆ ಶನಿವಾರ ಬರ್ಲಿಕ್ಕೆ ಹೇಳಿದ್ದೇನೆ. ಇನ್ನು ಪುತ್ತೂರಿಗೆ ಹೋಗುದಿದ್ರೆ ಹಿಂದಿನ ದಿನ ಒಂದು ಮಾತು ಹೇಳು. ಜೀಪಲ್ಲಿ ಜಾಗ ಉಂಟು.”

ಚೆನ್ನಕ್ಕ ಒಳಗೆ ನಡೆದರು. ಅಂದು ಅವರ ಅಡುಗೆಮನೆಯಲ್ಲಿ ಪಾತ್ರೆಗಳು ಬಹಳ ಹೊಡೆತ ತಿಂದವು.

ಇದೇ ಹೊತ್ತಿಗೆ ಕಾರಿನ ಶೆಡ್ಡಿನಲ್ಲಿ ಇನ್ನೊಂದು ಯುದ್ಧ ನಡೆಯುತ್ತಿತ್ತು. ಶತ್ರು, ತೋಟದ ಕೆಲಸದ ಕುಕ್ಕಪ್ಪ. ಬಾಯಿ ತುಂಬ ಎಲೆಅಡಿಕೆ ಇಲ್ಲದೆ ಅವನನ್ನು ಕಂಡವರಿಲ್ಲ. ಶೆಡ್ಡಿನ ಸಿಮೆಂಟು ನೆಲದ ಮೇಲೆ, ಸರಿಯಾಗಿ ಕಾರಿನ ಮೂತಿಯ ಕೆಳಗೆ, ಕೆಲವು ತಿಂಗಳಿಂದ ಕೆಂಪು ಕಲೆಗಳು ಬೀಳುತ್ತಿದ್ದವು. ಚೆನ್ನಕ್ಕ ತೊಳೆಸುವುದು, ಮತ್ತೆ ಬೀಳುವುದು.

“ಅಕ್ಕೆ, ಕಾರಿನ ಅಡಿಗೆ ತಲೆ ತೂರಿಸಿ ಉಗುಳ್ಳಿಕ್ಕೆ ನನಗೆ ಎಂತ ಮರುಳಾ?”

“ನಾನು ನೋಡಬಾರದು ಅಂತಲೇ ಅಡಿಗೆ ಉಗುಳುದು ನೀನು!”

ಬಾಯಿಮಾತಿನಿಂದ ಆಗದ್ದನ್ನು ಸಾಕ್ಷ್ಯದಿಂದ ಸಾಧಿಸಲು ಚೆನ್ನಕ್ಕ ತೀರ್ಮಾನಿಸಿದರು. ಮರದಿಂದ ಉದುರಿದ, ತಟ್ಟೆಯಂತೆ ಬಾಗಿದ ಒಂದು ಒಳ್ಳೆಯ ಅಗಲ ಅಡಿಕೆ ಹಾಳೆಯನ್ನು ಕಾರಿನ ಮೂತಿಯ ಕೆಳಗೆ ಇಟ್ಟರು. ಅದರಲ್ಲಿ ಬಿದ್ದದ್ದನ್ನು ಹಾಗೆಯೇ ಎತ್ತಿ ಕುಕ್ಕಪ್ಪನ ಮುಖಕ್ಕೆ ಹಿಡಿಯುವುದು ಯೋಜನೆ. ಮಾರನೆಯ ಬೆಳಿಗ್ಗೆ ಹಾಳೆಯಲ್ಲಿ ಕೆಂಪು ದ್ರವ ಹೊಳೆಯುತ್ತಿತ್ತು. ಆದರೆ ಕುಕ್ಕಪ್ಪ ಹಿಂದಿನ ಮಧ್ಯಾಹ್ನವೇ ತಂಗಿಯ ಮನೆಯ ಮದುವೆಗೆಂದು ಕಲ್ಲುಗುಂಡಿಗೆ ಹೋಗಿದ್ದ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಸಂಶಯಪಡುತ್ತಿದ್ದರು. ಚೆನ್ನಕ್ಕ ಫೋನು ಮಾಡಿದರು.

“ಕಲ್ಲುಗುಂಡಿಯಿಂದ ಬಂದು ಉಗುಳಿ ಹೋದೆಯಾ?”

ಮದುವೆಮನೆಯ ಡೋಲಿನ ನಡುವೆ ಕುಕ್ಕಪ್ಪ ಹೇಳಿದ್ದು ಇಲ್ಲಿ ಬರೆಯುವಂಥದ್ದಲ್ಲ. ಶನಿವಾರ ಮೊದಲ ಬಸ್ಸಿಗೆ ಅವನು ಜಗಳಕ್ಕೆಂದೇ ಬಂದಿಳಿದ.

ಅಷ್ಟರಲ್ಲಿ ಅಂಗಳ ತುಂಬಿತ್ತು. ಗುಜರಿಯವನು ಪಿಕಪ್ಪಿನಲ್ಲಿ ಕೂತು ಕಿವಿ ತುರಿಸಿಕೊಳ್ಳುತ್ತಿದ್ದ. ಕಾರನ್ನು ಅದರ ಹಿಂದೆ ಕಟ್ಟಿಕೊಡಲು ದೇವದಾಸ ಬಂದಿದ್ದ. ಪ್ರೇಮನಾಥ ಶವಯಾತ್ರೆಗೆ ಬಂದವನಂತೆ ಮುಖ ಮಾಡಿಕೊಂಡು ಒಳಗೊಳಗೇ ಅರಳುತ್ತಿದ್ದ. ಚೆನ್ನಕ್ಕ ಹಾಳೆಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, ಕುಂಟುತ್ತ ಸಭೆಗೆ ಪ್ರವೇಶಿಸಿದರು.

“ಇದು ಯಾರ ಬಾಯಿಂದು? ಎಲ್ಲರೂ ನೋಡಿ!”

ಕುಕ್ಕಪ್ಪ ಹಾಳೆಯೊಳಗೆ ಇಣುಕಿದ. ಆಮೇಲೆ ಅದರ ಪಕ್ಕದ ನೆಲಕ್ಕೆ, ತನ್ನ ಬಾಯಲ್ಲಿದ್ದದ್ದನ್ನೆಲ್ಲ ಪಿಚಕ್ಕನೆ ಸುರಿದ.

“ಇದು ನನ್ನದು. ಈಗ ಎರಡನ್ನೂ ನೋಡಿ.”

ಎಲ್ಲರೂ ಬಗ್ಗಿದರು. ನೆಲದ ಮೇಲಿನದ್ದರಲ್ಲಿ ಎಲೆಯ ಚೂರು, ಅಡಿಕೆಯ ನಾರು, ನೊರೆ. ಹಾಳೆಯಲ್ಲಿದ್ದದ್ದು ಒಂದು ಚೂರೂ ಇಲ್ಲದೆ, ಪಾನಕದಷ್ಟು ತಿಳಿಯಾಗಿ, ಜಿಡ್ಡಿನಿಂದ ಹೊಳೆಯುತ್ತಿತ್ತು. ಚೆನ್ನಕ್ಕ ಬೆರಳು ಅದ್ದಿ, ಉಜ್ಜಿ, ಮೂಸಿದರು. ನೆಟ್ಟಗೆ ದೇವದಾಸನ ಹತ್ತಿರ ಹೋಗಿ ಆ ಬೆರಳನ್ನು ಅವನ ಅಂಗಿಗೆ ಒರೆಸಿದರು.

“ಎಂತದ್ದು ಇದು?”

ದೇವದಾಸನ ಮುಖ ಇಳಿಯಿತು. “ಗೇರ್‌ಬಾಕ್ಸಿನ ಎಣ್ಣೆ.”

“ಎಣ್ಣೆ ಸಮ ಉಂಟು ಅಂದವ ಯಾರು? ನಿನ್ನ ಅಜ್ಜನಾ?”

ದೇವದಾಸ ಕಾರು ಸ್ಟಾರ್ಟ್ ಮಾಡಿದ. ಎಂಜಿನು ಬಿಸಿಯಾದ ಮೇಲೆ, ಅದು ಓಡುತ್ತಿದ್ದಂತೆಯೇ ಕಡ್ಡಿ ಎಳೆದ. ಕಡ್ಡಿಯ ತುದಿ ಒಣಗಿತ್ತು.

“ಎಂಜಿನ್ ಬಂದ್ ಮಾಡಿದ್ರೆ ಮೇಲಿನ ಎಣ್ಣೆ ಎಲ್ಲ ಕೆಳಗೆ ಇಳಿದು ಜಾಸ್ತಿ ಕಾಣ್ತದೆ,” ಎಂದ, ಎಂಜಿನಿಗೇ ಬೈಯುವ ಧಾಟಿಯಲ್ಲಿ. “ಇದನ್ನು ಓಡುವಾಗಲೇ ನೋಡಬೇಕು. ನಾನು ಡೀಸೆಲ್ ಜೀಪಿನ ಅಭ್ಯಾಸದಲ್ಲಿ...”

“ಅಭ್ಯಾಸದಲ್ಲಿ ನನ್ನನ್ನು ಆ ಜೀಪಿನ ಹಿಂದಿನ ಸೀಟಿಗೆ ಹಾಕ್ತಿದ್ದೆ!”

ಬಾನೆಟ್ಟಿನೊಳಗೆ ತಲೆ ಹಾಕಿದ ದೇವದಾಸನಿಗೆ ಕಳ್ಳ ಸಿಕ್ಕಿದ: ಎಣ್ಣೆಯನ್ನು ತಣಿಸಲು ರೇಡಿಯೇಟರಿಗೆ ಹೋಗುವ ರಬ್ಬರು ಪೈಪು, ಬುಡದಲ್ಲಿ ಬಿರುಕು. ಅವನು ಹಾಳೆಯ ಎಣ್ಣೆಯನ್ನೂ ಮೂಸಿದ. “ಸುಟ್ಟ ವಾಸನೆ ಇಲ್ಲ, ಕಪ್ಪಾಗ್ಲಿಲ್ಲ. ಒಳಗೆ ಇನ್ನೂ ಹಾಳಾಗಿರ್ಲಿಕ್ಕಿಲ್ಲ.”

“ಸತ್ತದ್ದು ಎದ್ದು ಕೂತಿತಾ?”

“ನಾನು ಸತ್ತಿದೆ ಅಂತ ಖಡಾಖಂಡಿತ ಹೇಳ್ಲಿಲ್ಲ ಚೆನ್ನಕ್ಕ.”

ದೇವದಾಸ ಕುಂಬ್ರಕ್ಕೆ ಓಡಿ ಹೊಸ ಪೈಪು, ಡಬ್ಬಿ ಕೆಂಪು ಎಣ್ಣೆ ತಂದ. ಪೈಪು ಹಾಕಿ, ಎಂಜಿನು ಓಡುತ್ತಿರುವಾಗಲೇ ಎಣ್ಣೆಯನ್ನು ಸ್ವಲ್ಪಸ್ವಲ್ಪವೇ ಹೊಯ್ಯುತ್ತ, ಕಡ್ಡಿ ನೋಡುತ್ತ ಹೋದ. ಗುಜರಿಯವನು ಕಾದು ಕಾದು ಪಿಕಪ್ಪಿನಲ್ಲೇ ನಿದ್ದೆಹೋದ. ಕುಕ್ಕಪ್ಪ ಕ್ಷಮಾಪಣೆಗಾಗಿ ಎದುರು ಬಂದು ನಿಂತ.

“ಉಗುಳದವ ಉಗುಳ್ಲಿಲ್ಲ ಅಂತ ಸರಿಯಾಗಿ ಹೇಳ್ಬೇಕಿತ್ತು,” ಎಂದರು ಚೆನ್ನಕ್ಕ. “ಈಗ ಅಂಗಳಕ್ಕೆ ಉಗುಳಿದ್ದನ್ನು ತೊಳಿ.”

ಅವರು ಕಾರು ಹತ್ತಿ ಗೇರನ್ನು ‘ಡಿ’ಗೆ ಎಳೆದರು. ಕಾರು ಯೋಚಿಸಲಿಲ್ಲ, ಹಾರಲೂ ಇಲ್ಲ, ಬೆಣ್ಣೆಯಂತೆ ಹೊರಟಿತು. ಮನೆಯ ಏರನ್ನು ಒಂದೇ ಉಸಿರಿಗೆ ಹತ್ತಿತು. ಏರಿನ ತುದಿಗೆ ಹೋಗಿ ನಿಂತಿದ್ದ ಪ್ರೇಮನಾಥ ದಾರಿ ಬಿಡಲಿಲ್ಲ.

“ಈ ಡಬ್ಬಿಯಲ್ಲಿ ಎಲ್ಲಿಗೆ ಸವಾರಿ?”

“ಪುತ್ತೂರಿಗೆ. ಹಿಂದಿನ ಸೀಟಲ್ಲಿ ಜಾಗ ಉಂಟು, ಬರ್ತೀಯಾ?”

ಪ್ರೇಮನಾಥ ಚರಂಡಿಗೆ ಇಳಿದು ದಾರಿ ಬಿಟ್ಟ.

ಪುತ್ತೂರಿನಲ್ಲಿ ಅಂದು ಚೆನ್ನಕ್ಕನಿಗೆ ಯಾವ ಕೆಲಸವೂ ಇರಲಿಲ್ಲ. ಪೇಟೆಗೆ ಎರಡು ಸುತ್ತು ಹಾಕಿದರು. ಕಾರು ನಿಲ್ಲಿಸುವ ಜಾಗಕ್ಕಾಗಿ ಒಬ್ಬ ರಿಕ್ಷಾದವನನ್ನೂ ಒಬ್ಬ ವಕೀಲರನ್ನೂ ಸೋಲಿಸಿ, ಗೆದ್ದ ಜಾಗದಲ್ಲಿ ಕಿಟಕಿ ಇಳಿಸಿ ಕೂತು, ಮುಂದಿನ ಎದುರಾಳಿ ಬರುವುದನ್ನು ಕಾಯತೊಡಗಿದರು.