ತಾರೀಖಣ್ಣ ಮಾಡದೇ ಉಳಿದ ಫೋನು

ವಾಹನ ನೋಂದಣಿ ಕಚೇರಿಯ ಗೇಟಿಗೆ ಎದುರಾಗಿ ಒಂದು ಜೆರಾಕ್ಸ್ ಅಂಗಡಿ. ಅದರ ಪಕ್ಕದ ಮೆಟ್ಟಿಲ ಕೆಳಗೆ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುವ ಒಂದು ಕಂಪ್ಯೂಟರ್. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕೂತು ಗಾಡಿಗಳಿಗೆ ಇನ್ಶೂರೆನ್ಸ್ ಮಾಡಿಸುವ ಏಜೆಂಟನಿಗೆ ಅಪ್ಪ ಅಮ್ಮ ಇಟ್ಟ ಹೆಸರೇನೆಂದು ಜೆರಾಕ್ಸ್ ಅಂಗಡಿಯವನಿಗೂ ಗೊತ್ತಿಲ್ಲ. ಎಲ್ಲರ ಬಾಯಲ್ಲೂ ಅವನು ತಾರೀಖಣ್ಣ.

ಹೆಸರು ಸುಮ್ಮನೆ ಬಂದದ್ದಲ್ಲ. ಹೆಂಡತಿ ತರಲು ಹೇಳಿದ ಸಾಮಾನು ಮರೆತು ಬರಿಗೈಲಿ ಮನೆಗೆ ಹೋಗಿ ಬೈಸಿಕೊಳ್ಳುವ ಈ ಮನುಷ್ಯನಿಗೆ, ಯಾರ ಗಾಡಿಯ ಪಾಲಿಸಿ ಯಾವತ್ತು ಮುಗಿಯುತ್ತದೆ ಅನ್ನುವುದು ಮಾತ್ರ ನಾಲಿಗೆ ತುದಿಯಲ್ಲೇ ಇರುತ್ತಿತ್ತು. ಸಾಲದ್ದಕ್ಕೆ ಒಂದು ದಪ್ಪ ಪುಸ್ತಕ ಬೇರೆ. ದಿನಕ್ಕೊಂದು ಪುಟ, ಪುಟದ ತುಂಬ ಗಾಡಿಗಳ ನಂಬರು. ಪಾಲಿಸಿ ಮುಗಿಯಲು ಹದಿನೈದು ದಿನ ಇದೆ ಎನ್ನುವಾಗ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಫೋನ್ ಹೋಗುತ್ತಿತ್ತು. ಸಾಲ ವಸೂಲಿಗೆ ಬಂದವರನ್ನು ಕಂಡಂತೆ ತಪ್ಪಿಸಿಕೊಳ್ಳುವವರೂ ಇದ್ದರು. ಅವನು ಬಿಡುತ್ತಿರಲಿಲ್ಲ. ಎತ್ತುವವರೆಗೂ ಮಾಡುತ್ತಿದ್ದ.

"ಈ ಕಾಗದ ಯಾಕ್ ಬೇಕು ಸ್ವಾಮಿ, ಪೊಲೀಸರಿಗೆ ತೋರ್ಸೋಕೆ ತಾನೇ?" ಎಂದು ಯಾರಾದರೂ ಮೂಗು ಮುರಿದರೆ ಅವನಿಗೆ ಎಲ್ಲಿಲ್ಲದ ಸಿಟ್ಟು. "ನೋಡಿ, ಇದು ನಿಮಗೋಸ್ಕರ ಅಲ್ಲ. ನಿಮ್ಮ ಗಾಡಿಗೆ ಎದುರು ಬರ್ತಾನಲ್ಲ, ಗುರುತು ಪರಿಚಯ ಇಲ್ಲದೋನು, ಅವನಿಗೋಸ್ಕರ. ಅದಕ್ಕೇ ಕಾನೂನು ಕಡ್ಡಾಯ ಮಾಡಿರೋದು. ನಿಮ್ಮ ಕಾರು ಜಖಂ ಆದ್ರೆ ನಿಮ್ಮ ಹಣೆಬರಹ. ಅವನ ಕೈಕಾಲು ಹೋದ್ರೆ ಅವನ ಮನೆ ಗತಿ ಏನು?" ಈ ಭಾಷಣ ಸಾವಿರ ಸಲ ಕೇಳಿದ ಜೆರಾಕ್ಸ್ ಅಂಗಡಿಯವನು ಬಾಗಿಲಲ್ಲಿ ನಿಂತು ತುಟಿ ಅಲ್ಲಾಡಿಸಿ ಅಣಕಿಸುತ್ತಿದ್ದ.

ತಾರೀಖಣ್ಣನಿಗೆ ಒಬ್ಬಳೇ ತಂಗಿ. ಎಂಟು ವರ್ಷ ಚಿಕ್ಕವಳು. ಅಮ್ಮ ಕೆಲಸಕ್ಕೆ ಹೋದಾಗ ಅವಳಿಗೆ ಜಡೆ ಹಾಕಿ ಸ್ಕೂಲಿಗೆ ಬಿಟ್ಟು ಬರುತ್ತಿದ್ದವನು ಇವನೇ. ಮದುವೆಯಾಗಿ ಇದೇ ಊರಿನ ಇನ್ನೊಂದು ಬಡಾವಣೆಯಲ್ಲಿದ್ದಳು. ಅವಳ ಕಾರಿನ ಪಾಲಿಸಿಯನ್ನು ಪ್ರತಿವರ್ಷ ಇವನೇ ಮಾಡಿಸಿ, ಕಾಗದ ಹಿಡಿದು ಮನೆಗೆ ಹೋಗಿ, ಮುಂದಿನ ವರ್ಷದ ತಾರೀಖನ್ನು ಒಂದು ಹಳದಿ ಚೀಟಿಯಲ್ಲಿ ದಪ್ಪಗೆ ಬರೆದು ಫ್ರಿಜ್ಜಿನ ಬಾಗಿಲಿಗೆ ತಾನೇ ಅಂಟಿಸಿ ಬರುತ್ತಿದ್ದ. "ಚೀಟಿ ಯಾಕಣ್ಣ, ಹೆಂಗಿದ್ರೂ ನೀನು ಫೋನ್ ಮಾಡ್ತೀಯಲ್ಲ" ಎಂದು ಅವಳು ಪ್ರತಿ ಸಲವೂ ನಗುತ್ತಿದ್ದಳು.

ಹಾಗೆ ಒಂದು ವರ್ಷ ಚೀಟಿ ಅಂಟಿಸಿ ಎರಡು ತಿಂಗಳಾಗಿರಬೇಕು, ಅವಳ ಮನೆಯಲ್ಲಿ ನೆಂಟರು ಸೇರಿದ್ದರು. ಊಟದ ನಡುವೆ ತಾರೀಖಣ್ಣ ಯಾರನ್ನೋ "ನಿಮ್ಮ ಗಾಡಿ ಪಾಲಿಸಿ ಯಾವಾಗ ಮುಗಿಯುತ್ತೆ?" ಎಂದು ಕೇಳಿದ. ತಂಗಿಯ ಗಂಡ ತಮಾಷೆಗೆ, "ಹುಷಾರು, ನಮ್ಮ ಭಾವ ಊಟಕ್ಕೆ ಬರೋದೇ ಗಿರಾಕಿ ಹುಡುಕೋಕೆ" ಎಂದುಬಿಟ್ಟ. ಎಲ್ಲರೂ ನಕ್ಕರು. ನೀರಿನ ಜಗ್ಗು ಹಿಡಿದು ನಿಂತಿದ್ದ ತಂಗಿಯೂ ನಕ್ಕಳು. ತಂಗಿಯ ಗಂಡನ ಮಾತನ್ನು ಅವನು ನುಂಗಿಕೊಂಡಾನು. ತಂಗಿ ನಕ್ಕದ್ದು ಗಂಟಲಲ್ಲೇ ನಿಂತಿತು. ಕೈ ತೊಳೆದು ಹೊರಟವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವಳು ಮೂರು ಸಲ ಫೋನ್ ಮಾಡಿದಳು. ಇವನು ಎತ್ತಲಿಲ್ಲ. ಆಮೇಲೆ ಅವಳಿಗೂ ರೋಷ ಬಂತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ, ಹಠದಲ್ಲಿ ಯಾರೂ ಕಡಿಮೆಯಿಲ್ಲ.

ವರ್ಷ ತಿರುಗಿ, ಪುಸ್ತಕದಲ್ಲಿ ಅವಳ ಕಾರಿನ ಪುಟ ಬಂತು. ಬೆಳಿಗ್ಗೆ ಹತ್ತಕ್ಕೆ ತಾರೀಖಣ್ಣ ಆ ಪುಟದಲ್ಲಿದ್ದ ಏಳು ಜನರಿಗೆ ಫೋನ್ ಮಾಡಿದ. ಎಂಟನೆಯ ನಂಬರಿನ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಕೂತ. "ಗಿರಾಕಿ ಹುಡುಕೋಕೆ ಬಂದ ಅಂತ ಮತ್ತೆ ಅನ್ನಿಸ್ಕೋಬೇಕಾ? ಬೇಕಿದ್ರೆ ಅವಳೇ ಮಾಡ್ಲಿ" ಅಂದುಕೊಂಡು ಪುಸ್ತಕ ಮುಚ್ಚಿದ. ಮರುದಿನವೂ ತೆಗೆದ, ಮುಚ್ಚಿದ. ಹದಿನೈದು ದಿನವೂ ಅದೇ ಆಟ. ಕೊನೆಯ ದಿನ ಸಂಜೆ ಕಂಪ್ಯೂಟರ್ ಆರಿಸುವಾಗ, ಅವಳು ಬೇರೆ ಯಾರ ಹತ್ತಿರವೋ ಮಾಡಿಸಿರುತ್ತಾಳೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹಾಗೆ ಮಾಡಿಸಿಬಿಟ್ಟಿದ್ದರೆ ಎಂದು ಸಂಕಟವೂ ಆಯಿತು.

ಅದಾದ ಮೂರನೆಯ ದಿನ ಮಧ್ಯಾಹ್ನ ತಂಗಿಯ ಗಂಡ ಮೆಟ್ಟಿಲ ಕೆಳಗೆ ಬಂದು ನಿಂತ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಭಾವ, ಬೆಳಿಗ್ಗೆ ಇವಳು ಕಾರು ತಿರುಗಿಸೋವಾಗ ಒಬ್ಬರಿಗೆ ಗುದ್ದಿಬಿಟ್ಟಳು. ಸೈಕಲ್ಲಲ್ಲಿ ಬರ್ತಿದ್ರು. ದರ್ಜಿ ಅಂತೆ. ಕಾರಿನ ಚಕ್ರ ಬಲಗಾಲಿನ ಮೇಲೇ ಹತ್ತಿದೆ. ಕಾಲು ಉಳಿಸೋದು ಕಷ್ಟ ಅಂತಿದ್ದಾರೆ ಡಾಕ್ಟ್ರು."

"ಅವಳು?"

"ಅವಳಿಗೇನೂ ಆಗಿಲ್ಲ. ಸ್ಟೇಷನ್ನಲ್ಲಿ ಲೈಸೆನ್ಸು, ಆರ್.ಸಿ., ಇನ್ಶೂರೆನ್ಸು ಮೂರೂ ತಂದು ತೋರಿಸಿ ಅಂದಿದ್ದಾರೆ." ಅವನು ಮೇಜಿನ ಅಂಚು ಹಿಡಿದುಕೊಂಡ. "ಪಾಲಿಸಿ ಮಾಡಿಸಿಲ್ಲ, ಭಾವ."

ತಾರೀಖಣ್ಣ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡ.

"ಮುಗಿದ್ಮೇಲೂ ಒಂದಷ್ಟು ದಿನ ಟೈಮ್ ಇರುತ್ತಲ್ಲ?" ಎಂದ ತಂಗಿಯ ಗಂಡ.

"ಅದು ಮುಂದಿನ ಕಂತಿನ ರಿಯಾಯಿತಿ ಉಳಿಸ್ಕೊಳ್ಳೋಕೆ ಇರೋ ಟೈಮು. ಆ ದಿನಗಳಲ್ಲಿ ಏನಾದ್ರೂ ಆದ್ರೆ ಕಂಪನಿ ಕೊಡಲ್ಲ. ಓನರ್ರೇ ಕೊಡ್ಬೇಕು." ಸಾವಿರ ಜನಕ್ಕೆ ಹೇಳಿದ ಮಾತು. ಈಗ ಮನೆಯವರಿಗೇ ಹೇಳಬೇಕಾಯಿತು.

"ಮೂರು ದಿನ ಹಿಂದಿನ ತಾರೀಖು ಹಾಕಿ ಒಂದು ಕಾಗದ ಮಾಡ್ಕೊಡಿ. ಕೈ ಮುಗೀತೀನಿ."

ತಾರೀಖಣ್ಣ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದ. ಪಾಲಿಸಿ ಮಾಡುವ ಪರದೆಯಲ್ಲಿ ತಾರೀಖಿನ ಪಕ್ಕದಲ್ಲಿ ಗಂಟೆ, ನಿಮಿಷ, ಸೆಕೆಂಡು ತಾನಾಗೇ ಓಡುತ್ತಿತ್ತು. ಅದನ್ನು ಮುಟ್ಟುವುದು ಯಾವ ಏಜೆಂಟನ ಕೈಲೂ ಇಲ್ಲ. ಇದ್ದಿದ್ದರೆ? ನ್ಯಾಯ ನೀತಿ ಎಂದು ಊರಿಗೆಲ್ಲ ಹೇಳುತ್ತಿದ್ದ ಆ ಮನುಷ್ಯ ಅವತ್ತು ಎಲ್ಲವನ್ನೂ ಗಾಳಿಗೆ ತೂರಿ ಒತ್ತಿಬಿಡುತ್ತಿದ್ದ. ಇದನ್ನು ಅವನೇ ಆಮೇಲೆ ಹೆಂಡತಿಯ ಹತ್ತಿರ ಒಪ್ಪಿಕೊಂಡ.

ಅವನು ಮೊದಲು ಹೋದದ್ದು ಆಸ್ಪತ್ರೆಗೆ. ದರ್ಜಿಗೆ ಎಚ್ಚರವಿರಲಿಲ್ಲ. ಬಲ ಮೊಣಕಾಲಿನಿಂದ ಕೆಳಗೆ ಹೊದಿಕೆ ಸಪಾಟಾಗಿತ್ತು. ದರ್ಜಿಯ ಹೆಂಡತಿ ಹೊರಗಿನ ಬೆಂಚಿನ ಮೇಲೆ ಗಂಡನ ಟೇಪು, ಕನ್ನಡಕ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಇವನನ್ನು ಇನ್ಶೂರೆನ್ಸ್ ಕಚೇರಿಯವನೆಂದು ತಿಳಿದು ಎದ್ದು ನಿಂತಳು. "ಮೆಷಿನ್ ತುಳಿಯೋದು ಆ ಕಾಲಲ್ಲೇ, ಸಾರ್. ಕಾರಿಗೆ ಇನ್ಶೂರೆನ್ಸ್ ಇರುತ್ತೆ, ಹೆದರಬೇಡಿ ಅಂತ ನರ್ಸಮ್ಮ ಹೇಳಿದ್ರು. ಇರುತ್ತಲ್ವಾ?"

ಗುರುತು ಪರಿಚಯ ಇಲ್ಲದವನು, ಗುರುತು ಪರಿಚಯ ಇಲ್ಲದವನು ಎಂದು ಇಪ್ಪತ್ತೆರಡು ವರ್ಷ ಬಡಕೊಂಡಿದ್ದನಲ್ಲ, ಅವನು ಇಲ್ಲಿ ಮಲಗಿದ್ದ. ತಾರೀಖಣ್ಣ "ನೋಡೋಣಮ್ಮ" ಎಂದ. ಜೀವಮಾನದಲ್ಲಿ ಪಾಲಿಸಿ ವಿಚಾರದಲ್ಲಿ ಅವನು ಆಡಿದ ಮೊದಲ ಹಾರಿಕೆಯ ಮಾತು ಅದು.

ತಂಗಿಯ ಮನೆಯ ಬಾಗಿಲು ತೆರೆದೇ ಇತ್ತು. ಅವಳು ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಗಂಡ ಹೊರಗಿನ ಕೋಣೆಯಲ್ಲಿ ಯಾವುದೋ ವಕೀಲರ ಜತೆ ಫೋನಿನಲ್ಲಿದ್ದ. ಪರಿಹಾರ ಕೊಡಲು ಮನೆ ಮಾರುವ ಮಾತು ಅರ್ಧಂಬರ್ಧ ಕೇಳಿಸುತ್ತಿತ್ತು. ಫ್ರಿಜ್ಜಿನ ಬಾಗಿಲಲ್ಲಿ ಹಳದಿ ಚೀಟಿ ಹಾಗೇ ಇತ್ತು, ಅವನದೇ ದಪ್ಪ ಅಕ್ಷರದಲ್ಲಿ.

ದುಃಖಕ್ಕಿಂತ ಮೊದಲು ಸಿಟ್ಟು ನುಗ್ಗಿತು. "ಕಣ್ಣೆದುರಿಗೇ ತಾರೀಖಿದೆಯಲ್ಲೇ! ನೋಡ್ಲಿಲ್ವಾ ನೀನು?"

"ದಿನಾ ನೋಡ್ತಿದ್ದೆ."

"ಮತ್ತೆ?"

"ಇವರು ಫೋನಲ್ಲೇ ಐದು ನಿಮಿಷದಲ್ಲಿ ಮಾಡ್ತೀನಿ ಅಂದ್ರು. ನಾನೇ ಬೇಡ ಅಂದೆ. ನೀನು ಫೋನ್ ಮಾಡೇ ಮಾಡ್ತೀಯ ಅಂತ ಕಾದೆ, ಅಣ್ಣ." ಅವಳು ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಇದ್ದಳು. "ಬೇರೆ ಎಲ್ಲಾ ವಿಷಯಕ್ಕೂ ನೀನು ನನ್ನ ಮೇಲೆ ಮುನಿಸ್ಕೊಂಡಿರ್ಬಹುದು. ಇದಕ್ಕಂತೂ ಮಾಡ್ತೀಯ ಅನ್ಕೊಂಡೆ. ನಾವೇ ಮಾಡಿಸಿಬಿಟ್ಟಿದ್ರೆ ನಿನಗೆ ಫೋನ್ ಮಾಡೋಕೆ ಇನ್ನೇನಿತ್ತು? ಬೆಳಿಗ್ಗೆ ಹತ್ತಾದ್ರೆ ಫೋನ್ ಕೈಲೇ ಹಿಡ್ಕೊಂಡು ಓಡಾಡ್ತಿದ್ದೆ. ತಾರೀಖು ಕಳೆದ್ಮೇಲೂ, ನಾಳೆ ಮಾಡ್ತಾನೆ, ನಾಳೆ ಮಾಡ್ತಾನೆ ಅಂತ..."

ತಾರೀಖಣ್ಣ ಅವಳ ಎದುರಿಗೇ ನೆಲದ ಮೇಲೆ ಕೂತ. ಚಿಕ್ಕಂದಿನಲ್ಲಿ ಜಡೆ ಹಾಕುತ್ತಿದ್ದ ಆ ತಲೆಯ ಕಡೆಗೆ ಕೈ ಚಾಚಿದ. ಕೈ ಅರ್ಧಕ್ಕೇ ನಿಂತಿತು.

ತಂಗಿ ತಲೆಯೆತ್ತಿದಳು. "ಈ ಸಲ ಮರೆತುಹೋಯ್ತಾ, ಅಣ್ಣ? ಕೆಲಸ ಜಾಸ್ತಿ ಇತ್ತೇನೋ, ಅಲ್ವಾ?"

ಹೂಂ ಅಂದರೆ ಮುಗಿಯುತ್ತಿತ್ತು. ಅವಳೇ ದಾರಿ ಮಾಡಿಕೊಟ್ಟಿದ್ದಳು. ಊರಿನವರು ಯಾರೂ ನಂಬದಿದ್ದರೂ ಅವಳು ನಂಬುತ್ತಿದ್ದಳು, ನಂಬಬೇಕೆಂದೇ ಕೇಳಿದ್ದಳು. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಸುಳ್ಳನ್ನು ಆಗಲೇ ಬಿಟ್ಟು ಬಂದಿದ್ದ. ಇನ್ನೊಂದು ಅವನಿಂದಾಗಲಿಲ್ಲ.

"ಮರೆತಿರ್ಲಿಲ್ಲಮ್ಮ. ಹದಿನೈದು ದಿನವೂ ಪುಟ ತೆಗೆದು ನೋಡ್ದೆ. ಬೇಕು ಅಂತಲೇ ಮಾಡ್ಲಿಲ್ಲ."

ಹೊರಗಿನ ಕೋಣೆಯಲ್ಲಿ ತಂಗಿಯ ಗಂಡ ಫೋನು ಕೆಳಗಿಟ್ಟ. ತಂಗಿ ಗೋಡೆ ಹಿಡಿದು ಎದ್ದು, ಫ್ರಿಜ್ಜಿನ ಬಾಗಿಲಿಂದ ಹಳದಿ ಚೀಟಿಯನ್ನು ಹರಿಯದಂತೆ ಮೆಲ್ಲಗೆ ಬಿಡಿಸಿ ಅವನ ಅಂಗೈಯಲ್ಲಿಟ್ಟಳು.

"ಮರೆತಿದ್ರೆ ಚೆನ್ನಾಗಿತ್ತು, ಅಣ್ಣ" ಎಂದಳು. ಆಮೇಲೆ, ಆ ದರ್ಜಿ ಯಾವ ವಾರ್ಡಿನಲ್ಲಿದ್ದಾರೆ ಎಂದು ಕೇಳಿ, ಚಪ್ಪಲಿ ಹಾಕಿಕೊಂಡು ಒಬ್ಬಳೇ ನಡೆದು ಹೋದಳು.